ಭತ್ತದ ಬಿತ್ತನೆ ಆಯ್ಕೆ: ಕಣದ ರಾಶಿಯೋ, ಒಟ್ಟು ತೆನೆಯೋ, ತೆನೆಗೊಂದು ಸಾಲೋ?

ಭತ್ತದ ಬಿತ್ತನೆಯನ್ನು ಮನೆಯಲ್ಲೇ ಮಾಡಿಕೊಳ್ಳುವವರು ಮೂರು ದಾರಿ ಹಿಡಿಯುತ್ತಾರೆ. ಕಣದಲ್ಲಿ ತೂರಿ ಗಟ್ಟಿ ಕಾಳು ಎತ್ತಿಡುವುದು ಒಂದು. ನಿಂತ ಪೈರಲ್ಲೇ ಒಳ್ಳೆಯ ತೆನೆ ಆರಿಸಿ ಎಲ್ಲವನ್ನೂ ಒಟ್ಟಿಗೆ ಬಡಿಯುವುದು ಇನ್ನೊಂದು. ಒಂದೊಂದು ತೆನೆಯನ್ನೂ ಬೇರೆ ಇಟ್ಟು, ಮುಂದಿನ ಹಂಗಾಮಿಗೆ ತೆನೆಗೊಂದು ಸಾಲು ನೆಡುವುದು ಮೂರನೆಯದು. ಮೂರನ್ನೂ ಒಂದೇ ತಳಿಯ ಮೇಲೆ ಮಾಡಿ ನೋಡಿ ನಾವು ಬಂದಿರುವ ತೀರ್ಮಾನ ಇಷ್ಟು: ಮೊದಲನೆಯದು ತಳಿಯ ಆಯ್ಕೆಯೇ ಅಲ್ಲ, ಎರಡನೆಯದು ಇರುವ ತಳಿ ಕೆಡದಂತೆ ಕಾಯುತ್ತದೆ, ಹೊಸದೇನಾದರೂ ಸಿಗುವುದಿದ್ದರೆ ಮೂರನೆಯದರಲ್ಲಿ.

ರಾಶಿಯಲ್ಲಿ ಕಾಳು ಕಾಣುತ್ತದೆ, ಪೈರು ಕಾಣುವುದಿಲ್ಲ. ಯಾವುದು ಬಿದ್ದ ಪೈರಿನದು, ಯಾವುದು ಹತ್ತು ದಿನ ತಡವಾಗಿ ಹೊಡೆ ಬಿಚ್ಚಿದ್ದು (ತೆನೆ ಹೊರಹಾಕಿದ್ದು) ಎಂದು ಅಲ್ಲಿ ಹೇಳಲಾಗದು. ಉಪ್ಪುನೀರಿನಲ್ಲಿ ಜೊಳ್ಳು ತೇಲಿಸಿದರೆ ಮೊಳಕೆ ಜೋರಾಗಿ, ಒಂದೇ ಸಮ ಬರುತ್ತದೆ, ಅಷ್ಟೇ. 10 ಲೀಟರ್ ನೀರಿಗೆ ಸುಮಾರು ಒಂದೂವರೆ ಕಿಲೋ ತನಕ ಉಪ್ಪು ಹಿಡಿಯುತ್ತದೆ. ತಾಜಾ ಕೋಳಿಮೊಟ್ಟೆ ತೇಲಿ, ನಾಣ್ಯದಗಲ ಭಾಗ ಮೇಲೆ ಕಂಡರೆ ಹದ ಸರಿ. ಮೊಟ್ಟೆ ತಾಜಾ ಇರಲೇಬೇಕು. ಹಳೆಯದು ಬರೀ ನೀರಲ್ಲೂ ತೇಲಿ ಮೋಸ ಮಾಡುತ್ತದೆ. ಮುಳುಗಿದ ಕಾಳನ್ನು ಎರಡು ಮೂರು ಸಲ ಸಿಹಿನೀರಲ್ಲಿ ತೊಳೆಯದಿದ್ದರೆ ಮೊಳಕೆಗೆ ಪೆಟ್ಟು. ಬೆರಕೆ ಭತ್ತದ ಗಟ್ಟಿ ಕಾಳೂ ಮುಳುಗುತ್ತದೆ ಎಂಬುದು ನೆನಪಿರಲಿ.

ಒಟ್ಟು ತೆನೆ ಆಯ್ಕೆಗೆ 500 ತೆನೆ ಕೊಯ್ದರೆ ತೆನೆಗೆ 3 ಗ್ರಾಮಿನಂತೆ ಒಂದೂವರೆ ಕಿಲೋ ಬೀಜ. ಒಂದೊಂದೇ ಪೈರು ನೆಟ್ಟರೆ ಅರ್ಧ ಎಕರೆಗೆ ಧಾರಾಳ. ಬದುವಿನ ಪಕ್ಕದ ಮೂರು ಸಾಲು ಮುಟ್ಟಬೇಡಿ. ಅಲ್ಲಿನ ಪೈರು ಬಿಸಿಲು, ಗೊಬ್ಬರ ಹೆಚ್ಚು ಉಂಡು ದಪ್ಪಗಿರುತ್ತದೆ, ಅದು ಬೀಜದ ಗುಣವಲ್ಲ. ಪಕ್ಕದ ಬುಡ ಸತ್ತು ಜಾಗ ಸಿಕ್ಕ ಪೈರಿನ ಕತೆಯೂ ಇದೇ. ಗದ್ದೆಯನ್ನು ಹಗ್ಗ ಕಟ್ಟಿ ಚೌಕ ಮಾಡಿ, ಪ್ರತಿ ಚೌಕದಲ್ಲೂ ಒಳ್ಳೆಯದನ್ನು ಆರಿಸಿದರೆ ಮಣ್ಣಿನ ಏರುಪೇರು ಲೆಕ್ಕಕ್ಕೆ ಬರುವುದಿಲ್ಲ. ಇಲ್ಲಿ ಎಲ್ಲರೂ ಎಡವುವುದು ದೊಡ್ಡ ತೆನೆಯ ಆಸೆಗೆ. ದೊಡ್ಡ ತೆನೆ ಎಷ್ಟೋ ಸಲ ಎತ್ತರದ, ತಡವಾಗಿ ಮಾಗುವ ಪೈರಿನದು. ಅದನ್ನೇ ಆರಿಸುತ್ತ ಹೋದರೆ ನಾಲ್ಕೈದು ಹಂಗಾಮಿನಲ್ಲಿ ತಳಿ ದೀರ್ಘಾವಧಿಯ ಕಡೆಗೆ ವಾಲಿ, ಕೊಯ್ಲಿನ ಮಳೆಗೆ ಮಲಗುತ್ತದೆ.

ಸಾಲು ಪದ್ಧತಿಗೆ ನೂರು ತೆನೆ ಸಾಕು, ತಾಳ್ಮೆ ಮಾತ್ರ ಹೆಚ್ಚು ಬೇಕು. ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ದಾದಾಜಿ ಖೋಬ್ರಾಗಡೆ 1983ರಲ್ಲಿ ಪಟೇಲ್-3 ಎಂಬ ತಳಿಯ ಭತ್ತದ ನಡುವೆ ಬೇರೆಯಾಗಿ ಕಂಡ ಮೂರು ತೆನೆಗಳನ್ನು ಪ್ರತ್ಯೇಕವಾಗಿ ಬೆಳೆಸಿದ್ದರಿಂದಲೇ ಎಚ್‌ಎಂಟಿ ಎಂಬ ಹೊಸ ಭತ್ತದ ತಳಿ ಬಂತು. ಆ ಮೂರೂ ರಾಶಿಗೆ ಸೇರಿದ್ದರೆ ಅಲ್ಲಿಗೆ ಮುಗಿಯಿತು.

ಸಾಲು ಪದ್ಧತಿ ಕೆಡುವುದು ಹೆಚ್ಚಾಗಿ ಒಟ್ಲಿನಲ್ಲಿ, ಅಂದರೆ ಸಸಿಮಡಿಯಲ್ಲಿ. ತೆನೆ ತೆನೆಯ ಬೀಜವನ್ನು ಗೇಣು ಅಂತರದ ಗೆರೆಗಳಲ್ಲಿ ಹಾಕಿ, ಸಂಖ್ಯೆ ಬರೆದ ಗೂಟ ನೆಡಬೇಕು. ಬೇರು ಕಚ್ಚುವ ಮೊದಲು ಮಡಿಯಲ್ಲಿ ನೀರು ನಿಲ್ಲಲು ಬಿಟ್ಟರೆ ಕಾಳು ತೇಲಿ ಪಕ್ಕದ ಗೆರೆಗೆ ಹೋಗುತ್ತದೆ, ಆಮೇಲೆ ಯಾವ ಗೂಟವೂ ಕಾಪಾಡದು. ನಾಟಿಗೆ ಸಾಲಿಗೆ 30-40 ಬುಡ, ಬುಡಕ್ಕೆ ಒಂದೇ ಪೈರು, 20 ಸೆಂ.ಮೀ. ಸಾಲು, 15 ಸೆಂ.ಮೀ. ಅಂತರ. ಪ್ರತಿ ಹತ್ತನೇ ಸಾಲು ಮೂಲ ತಳಿಯದಾಗಿರಲಿ. ಅದಿಲ್ಲದೆ ಚೆನ್ನಾಗಿದೆ ಅನ್ನುವ ಮಾತಿಗೆ ಅಳತೆಗೋಲಿಲ್ಲ. ಅರ್ಧ ಪೈರು ಹೂ ಬಿಟ್ಟ ದಿನ, ಎತ್ತರ, ತೆಂಡೆ (ಬುಡದಿಂದ ಒಡೆದ ಕವಲು), ಬೆಂಕಿ ರೋಗ, ಮಲಗಿದ್ದು ಇಷ್ಟನ್ನು ಪುಸ್ತಕದಲ್ಲಿ ಬರೆದಿಡಿ.

ಕೈಯಲ್ಲಿ ಹಿಡಿದಾಗ ಮುತ್ತಿನಂತಿದ್ದ ಎಷ್ಟೋ ತೆನೆಗಳು ಸಾಲಿನಲ್ಲಿ ಮೂಲ ತಳಿಯನ್ನು ಮೀರುವುದಿಲ್ಲ. ಆ ಸೊಗಸು ಗೊಬ್ಬರದ್ದು. ಒಂದೇ ಸಾಲಿನೊಳಗೆ ಉದ್ದ, ಗಿಡ್ಡ, ಕಾಳಿನ ತುದಿಗೆ ಮೀಸೆ ಇದ್ದದ್ದು, ಇಲ್ಲದ್ದು ಎಲ್ಲ ಬಂದರೆ ಅದು ಪರಾಗ ಬೆರೆತು ಹುಟ್ಟಿದ್ದು. ಬಿಡಿ, ಇಲ್ಲವೇ ಮತ್ತೆ ತೆನೆ ಬಿಡಿಸಿ ಐದಾರು ತಲೆಮಾರು ಸಾಗಿಸಲು ತಯಾರಾಗಿ. ಮೊದಲು ಮಾಗುವ ಸಾಲಿಗೆ ಸುತ್ತಲಿನ ಹಕ್ಕಿಯೆಲ್ಲ ಇಳಿಯುತ್ತದೆ. ಬಲೆ ಹಾಕದೆ ತೂಗಿದರೆ ಅಲ್ಪಾವಧಿ ತಳಿಗೆ ಅನ್ಯಾಯ.

ಮಳೆಯಾಶ್ರಿತ ಗದ್ದೆಯ ಹಳೆಯ ನಾಡತಳಿ ಭತ್ತಕ್ಕೆ ಮಾತ್ರ ನಾವು ಸಾಲು ಪದ್ಧತಿ ಹೇಳುವುದಿಲ್ಲ. ಅಲ್ಲಿ ತಳಿಯೊಳಗಿನ ಬೆರಕೆಯೇ ರಕ್ಷಣೆ. ಒಂದೇ ತೆನೆಯ ಸಂತಾನಕ್ಕೆ ಇಳಿಸಿದರೆ ರೋಗ ಬಂದ ವರ್ಷ ಪೂರಾ ಗದ್ದೆ ಕೈಬಿಡುತ್ತದೆ. ಅಲ್ಲಿಗೆ ಒಟ್ಟು ತೆನೆ ಆಯ್ಕೆಯೇ ಸರಿ. ನೀರಾವರಿಯಲ್ಲಿ ಸಾಲಿನಿಂದ ಹೊಸದು ಸಿಕ್ಕ ಮೇಲೂ ವರ್ಷ ವರ್ಷ ಅದನ್ನು ಶುದ್ಧವಾಗಿಡಲು ಬೇಕಾಗುವುದು ಒಟ್ಟು ಆಯ್ಕೆಯೇ.

ಹೀಗೆ ಬೆಳೆಸಿದ್ದನ್ನು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯಡಿ ರೈತರ ತಳಿಯಾಗಿ ನೋಂದಾಯಿಸಬಹುದು, ರೈತರಿಗೆ ಅದರ ನೋಂದಣಿ ಶುಲ್ಕವಿಲ್ಲ. ಅದಕ್ಕೂ ಸಾಲುಗಳ ಪುಸ್ತಕ ಉಪಯೋಗಕ್ಕೆ ಬರುತ್ತದೆ. ಇನ್ನೊಂದು: ತೆನೆಯ ಅಷ್ಟೂ ಕಾಳು ಬಿತ್ತಬೇಡಿ. 150ರಲ್ಲಿ 60 ಒಟ್ಲಿಗೆ ಹಾಕಿ, ಉಳಿದದ್ದನ್ನು ಚೆನ್ನಾಗಿ ಒಣಗಿಸಿ, ಅದೇ ಸಂಖ್ಯೆ ಬರೆದ ಪೊಟ್ಟಣದಲ್ಲಿ ಗಾಳಿಯಾಡದ ಡಬ್ಬಿಗೆ ಹಾಕಿಡಿ. ಸಾಲನ್ನು ಇಲಿ ಕಡಿದರೆ ಮುಂದಿನ ಹಂಗಾಮಿಗೆ ಅದೇ ಆಧಾರ.