ಕಸಬರಿಗಿ ಪಟರ್, ಕ್ಲಾ ಗ್ರಿಪ್, ಮತ್ತ ನಮ್ಮ ಮನಿ ಕಡಪಾ ಕಲ್ಲು

ಮೊದ್ಲ ಹೇಳಿಬಿಡ್ತೀನಿ, ನಾನೇನ್ ದೊಡ್ಡ ಗಾಲ್ಫರ್ ಅಲ್ಲ. ಹ್ಯಾಂಡಿಕ್ಯಾಪ್ 19, ಅಂದ್ರ ಒಳ್ಳೇ ಆಟಗಾರಂಗಿಂತ ರೌಂಡಿಗೆ ಸುಮಾರು ಹತ್ತೊಂಬತ್ತು ಹೊಡೆತ ಜಾಸ್ತಿ ತಗೊಳೋವ. ಬೆಂಗ್ಳೂರಾಗ ಎಂಟು ವರ್ಷ ನೌಕ್ರಿ ಮಾಡೋವಾಗ ಆಫೀಸಿನವ್ರ ಜೋಡಿ ಹೋಗಿ ಹತ್ತಿಸ್ಕೊಂಡ ಚಟ ಇದು, ಈಗ ಬಳ್ಳಾರಿಗೆ ವಾಪಸ್ ಬಂದು ಅಪ್ಪನ ಜೀನ್ಸ್ ಯೂನಿಟ್ ನೋಡ್ಕೊಂತ ಇದೀನಿ, ತಿಂಗ್ಳಿಗೊಮ್ಮೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋಗಿ ಒಂದ್ ರೌಂಡ್ ಆಡಿ ಬರ್ತೀನಿ, ಉಳಿದ ದಿನ ಎಲ್ಲಾ ಮನಿ ಹಾಲ್‌ನ್ಯಾಗ ಸ್ಟೀಲ್ ಲೋಟ ಅಡ್ಡ ಮಲಗಿಸಿ ಪಟ್ಟಿಂಗ್, ಅಂದ್ರ ಪಟರ್ ಅನ್ನೋ ಕೋಲಿನಿಂದ ಬಾಲ್ ನೆಲದ ಮ್ಯಾಲ ಉರುಳಿಸಿ ಹೋಲಿಗೆ ಹಾಕೋದು. ಹಂಗಾಗಿ ನನ್ನ ಆಟದಾಗ ಬ್ಯಾರೆ ಏನಿಲ್ಲ ಅಂದ್ರೂ ಪಟ್ಟಿಂಗ್ ಆದ್ರೂ ಚಂದ ಇರಬೇಕಿತ್ತು. ಅದ ಕೆಟ್ಟಿತ್ತು ನೋಡ್ರಿ.

ದೂರದ ಪಟ್ ಅಲ್ಲ, ಮೂರು ಅಡಿದು. ಹೋಲ್ ಅಗಲ ನಾಕೂಕಾಲು ಇಂಚು, ಬಾಲ್ ಅಗಲ 1.68 ಇಂಚು, ಅಂದ್ರ ಎರಡು ಬಾಲ್ ಜೋಡಿಸಿ ಇಟ್ರೂ ಒಳಗ ಹೋಗ್ತಾವ. ಆದ್ರೂ ಬಾಲ್ ಮುಂದ ನಿಂತ ಕೂಡ್ಲೇ ಬಲಗೈ ಟಕ್ ಅಂತ ಕುಣೀತಿತ್ತು. ಯಿಪ್ಸ್ ಅಂತಾರ ಇದಕ್ಕ. 72 ಪಾರ್ (ಒಳ್ಳೇ ಆಟಗಾರ ತಗೊಳೋ ಹೊಡೆತ) ಇರೋ ಹದಿನೆಂಟು ಹೋಲಿನ ಕೋರ್ಸ್‌ನ್ಯಾಗ ಹೋಲ್‌ಗೆ ಎರಡರಂಗ 36 ಪಟ್ ಅಂತ ಲೆಕ್ಕ ಹಿಡ್ದಿರ್ತಾರ, ನಂದು 41, 42. ಅದಕ್ಕ ಕಳೆದ ಒಂದು ವರ್ಷದಾಗ ನಾನು ಮಾಡಿದ ಹುಚ್ಚಾಟ ಎಲ್ಲಾ ಇಲ್ಲಿ ಬರೀತೀನಿ, ಯಾರ್ದಾರ ರೊಕ್ಕ ಉಳದ್ರ ಉಳೀಲಿ.

ಶುರು ಮಾಡಿದ್ದು ಎಡಗೈ ಕೆಳಗ, ಬಲಗೈ ಮ್ಯಾಲ. ಕ್ರಾಸ್ ಹ್ಯಾಂಡೆಡ್. ಪುಕ್ಸಟ್ಟೆ, ಇದ್ದ ಪಟರ್‌ನ್ಯಾಗ ಆಗ್ತೈತಿ. ಭುಜ ಎರಡೂ ಲೆವೆಲ್ಲಿಗೆ ಬರ್ತಾವ, ಅದು ಖರೆ. ಹದಿನೈದು ದಿನ ಚಂದ ಇತ್ತು, ಆಮ್ಯಾಲ ಕೈಗೆ ಅದೂ ರೂಢಿ ಆಗಿ ಮತ್ತ ಅದ ಟಕ್.

ಆಮ್ಯಾಲ ಆರ್ಮ್‌ಲಾಕ್. ಪಟರ್ ಹಿಡಿಕಿನ ಎಡ ಮುಂಗೈ ಉದ್ದಕ್ಕ ಒತ್ತಿ ಹಿಡ್ಯಾದು, ಮಣಿಕಟ್ಟು ಅಲುಗಾಡಂಗೇ ಇಲ್ಲ. 2020ರ ಯುಎಸ್ ಓಪನ್ ಗೆದ್ದಾಗ ಬ್ರೈಸನ್ ಡಿಶಾಂಬೋ ಹಿಂಗ ಹಿಡೀತಿದ್ದ. ಆದ್ರ ಇದಕ್ಕ ಉದ್ದ ಶಾಫ್ಟ್ (ಪಟರ್ ಕೋಲು) ಬೇಕು, ಲಾಫ್ಟ್ (ತಲಿ ಮುಖದ ಇಳಿಜಾರು) ಜಾಸ್ತಿ ಇರೋ ತಲಿ ಬೇಕು, ಯಾಕಂದ್ರ ಶಾಫ್ಟ್ ಮುಂದಕ್ಕ ವಾಲಿ ನಿಲ್ತೈತಿ. ನಾನು ಶಾಣ್ಯಾ ಆಗಾಕ ಹೋಗಿ ಮಾಮೂಲಿ 34 ಇಂಚಿನ ಪಟರ್‌ನ್ಯಾಗ ಬಗ್ಗಿ ಬಗ್ಗಿ ಮಾಡಿದೆ, ಬಾಲ್ ನೆಲಕ್ಕ ಒತ್ತಿದಂಗಾಗಿ ಕಪ್ಪಿ ಹಂಗ ಜಿಗೀತು, ನನ್ನ ಸೊಂಟ ಹಿಡೀತು. ಒಂದ್ ವಾರಕ್ಕ ಬಿಟ್ಟೆ.

ಈಗ ಕಸಬರಿಗಿ ಕಥಿ.

ಬ್ರೂಮ್‌ಸ್ಟಿಕ್ ಪಟರ್ ಅಂತಾನ ಅದ್ರ ಹೆಸರು, ನಾನು ಇಟ್ಟಿದ್ದಲ್ಲ. ಎದಿ ಮಟ್ಟ ಬರೋ ಉದ್ದದ ಪಟರ್, ಮ್ಯಾಲಿನ ಕೈ ಗಟ್ಟಿ ಹಿಡೀತೈತಿ, ಕೆಳಗಿನ ಕೈ ಗಡಿಯಾರದ ಲೋಲಕದಂಗ ತೂಗತೈತಿ. ಆಡಂ ಸ್ಕಾಟ್ 2013ರಾಗ ಮಾಸ್ಟರ್ಸ್ ಅನ್ನೋ ದೊಡ್ಡ ಟೂರ್ನಿ ಗೆದ್ದಿದ್ದು ಇದ್ರಾಗ, ಆಗ ಅದನ್ನ ಎದಿಗೆ ಊರ್ಕೊಂಡು ಹೊಡೀಬೋದಿತ್ತು. 2016 ಜನವರಿಯಿಂದ ಅದು ಬಂದ್. ಉದ್ದ ಪಟರ್ ಬಂದ್ ಆಗಿಲ್ಲ, ಮೈಗೆ ಊರೋದು ಅಷ್ಟ ಬಂದ್, ಇದನ್ನ ಬಾಳ ಮಂದಿ ತಪ್ಪು ತಿಳ್ಕೊಂಡಾರ. ಮ್ಯಾಲಿನ ಕೈ ಎದಿಯಿಂದ ನಾಕು ಬೆರಳು ದೂರ ಇದ್ರ ಸಾಕು, ಯಾರೂ ಕೇಳಂಗಿಲ್ಲ.

ಹೊಸಾದಕ್ಕ ಅಂಗಡ್ಯಾಗ ಹೇಳಿದ ರೇಟ್ ಕೇಳಿ ತಲಿ ತಿರುಗಿ, ನಮ್ಮ ಯೂನಿಟ್ ಮಷಿನ್ ಶಾಫ್ಟ್ ರಿಪೇರಿ ಮಾಡೋ ಲೇತ್‌ನವನ ಹತ್ರ ಹೋದೆ. ಹಳೇ ಪಟರ್ ಒಂದು ಇತ್ತು, ಅದ್ರ ಶಾಫ್ಟ್ ಒಳಗ ಸಣ್ಣ ಪೈಪ್ ತೂರಿಸಿ 46 ಇಂಚು ಮಾಡಿಕೊಡಪ ಅಂದೆ. ತಿರುಗಿಸಿ ಮರುಗಿಸಿ ನೋಡಿ "ಸಾವ್ಕಾರ್ರ, ಇದು ಯಾವ ಗುದ್ದಲಿ ಕಾವು?" ಅಂದ. 450 ರೂಪಾಯಿ ತಗೊಂಡ. ಕೆಲಸ ಒಳ್ಳೇದ ಮಾಡಿದ್ದ, ತಪ್ಪು ನಂದು, ಯಾಕಂದ್ರ ಉದ್ದ ಪಟರ್‌ಗೆ ಕೆಳಗಿನ ತಲಿನೂ ಭಾರ ಇರಬೇಕು, ನಾನು ಮ್ಯಾಲ ಭಾರ ಹಾಕಿಸಿ ತಲಿ ಹಗೂರ ಬಿಟ್ಟೆ. ತೂಗೋ ಬದ್ಲಿ ನಡಗ್ತಿತ್ತು. ಸೀಸದ ಪಟ್ಟಿ ಅಂಟಿಸಿದ ಮ್ಯಾಲ ಸ್ವಲ್ಪ ಮಾತು ಕೇಳ್ತು.

ಆದ್ರೂ ಅದನ್ನ ತಗೊಂಡು ರೈಲ್ ಹತ್ತಿದೆ. ಅಪ್ಪರ್ ಬರ್ತ್‌ನ್ಯಾಗ ನನ್ನ ಪಕ್ಕ ಮಲಗಿಸ್ಕೊಂಡಿದ್ದೆ, ಗುಂತಕಲ್ ದಾಟೋದ್ರೊಳಗ ಮೂರು ಮಂದಿ ಕೇಳಿದ್ರು, ಒಬ್ರು ಪರದಿ ಕಟ್ಟೋ ರಾಡಾ ಅಂತ, ಒಬ್ರು ಸೀದಾ ಎಷ್ಟ್ ಬಿತ್ರಿ ಅಂತ. ಮರುದಿನ ಕೋರ್ಸ್‌ನ್ಯಾಗ ಏನಾತಂದ್ರ, ಮೂರು ಅಡಿ, ನಾಕು ಅಡಿ ಎಲ್ಲಾ ಒಳಗ! ಹದಿನೆಂಟು ಹೋಲ್‌ನ್ಯಾಗ ಸಣ್ಣ ಪಟ್ ಒಂದ್ ಮಿಸ್ ಆತು ಅಷ್ಟ. ನಾನು ಖುಷಿ. ಆದ್ರ 40 ಅಡಿದಕ್ಕ ಬಂದ್ರ ಕೈಗೆ ಅಂದಾಜೇ ಸಿಗವಲ್ದು, ಒಂದು ಹತ್ತು ಅಡಿ ಕಡಿಮಿ, ಒಂದು ಹದಿನೈದು ಅಡಿ ಮುಂದ. ಬೆಳಗ್ಗೆ ಇಬ್ಬನಿ ಇರೋತನ ಬಾಲ್ ನಿಧಾನ, ಹತ್ತು ಗಂಟಿಗೆ ಗ್ರೀನ್ (ಹೋಲ್ ಸುತ್ತಿನ ನುಣುಪು ಹುಲ್ಲು) ಒಣಗಿದ ಕೂಡ್ಲೇ ಜೋರು, ಆ ಬದಲಾವಣಿ ಮಾಮೂಲಿ ಪಟರ್ ಆದ್ರ ಬೆರಳಿಗೆ ತಿಳೀತೈತಿ, ಇದ್ರಾಗ ತಿಳಿಯಂಗಿಲ್ಲ. ಸಣ್ಣದ್ರಾಗ ಉಳಿಸಿದ್ದು ಉದ್ದದ್ರಾಗ ಹೋತು, ಒಟ್ಟು 41. ಅಲ್ಲಿಗ ಅಲ್ಲಿಗ. ಅದು ಈಗ ಅಮ್ಮನ ಪಾಲಾಗೈತಿ, ತುದಿಗೆ ಬಟ್ಟಿ ಕಟ್ಟಿ ಜ್ಯಾಡರ ಬಲಿ ಹೊಡೀತಾಳ, "ಈಗ ನೋಡು ಅದಕ್ಕೊಂದು ಉದ್ಯೋಗ ಸಿಕ್ತು" ಅಂತಾಳ.

ಅದ ಸಲ ದೋಸ್ತ್ ಒಬ್ಬ ಜೀರೋ ಟಾರ್ಕ್ ಪಟರ್ ಕೊಟ್ಟು ನೋಡು ಅಂದ. ಈಗ ಎಲ್ಲಾ ಅದರದ ಮಾತು, 2025ರ ಯುಎಸ್ ಓಪನ್‌ನ್ಯಾಗ ಜೆ.ಜೆ. ಸ್ಪಾನ್ ಓಕ್‌ಮಾಂಟ್ ಕೊನೇ ಹೋಲ್‌ನ್ಯಾಗ 64 ಅಡಿ ಪಟ್ ಹಾಕಿದ್ದು ಎಲ್‌ಎಬಿ ಕಂಪನಿದು ಅಂಥಾ ಪಟರ್‌ನ್ಯಾಗ. ವಿಷಯ ಏನಂದ್ರ, ಮಾಮೂಲಿ ಬ್ಲೇಡ್ ಪಟರ್ ಶಾಫ್ಟನ್ನ ಬೆರಳ ಮ್ಯಾಲ ಅಡ್ಡ ಇಟ್ಟು ನೋಡ್ರಿ, ತಲಿ ಮೂತಿ ಕೆಳಗ ಜೋಲ್ತೈತಿ, ಅಂದ್ರ ಹಿಂದಕ್ಕ ಎಳದಾಗ ಅದು ತಾನ ತೆರ್ಕೊಳಾಕ ನೋಡ್ತೈತಿ, ನಮ್ಮ ಕೈ ಅದನ್ನ ವಾಪಸ್ ಮುಚ್ಚಬೇಕು. ಇವ್ರು ತೂಕದ ನಡುವ ಶಾಫ್ಟ್ ಲೈನ್ ಹಾಯೋ ಹಂಗ ಮಾಡಿ ಆ ತಿರುವನ್ನ ತೆಗದಾರ. ಕೈಯಾಗ ಹಿಡದ್ರ ಖರೆನೂ ವಿಚಿತ್ರ, ಏನೂ ಎಳೆಯಂಗಿಲ್ಲ. ನೋಡಾಕ ಇಸ್ತ್ರಿ ಪೆಟ್ಟಿಗಿಗೆ ಕಡ್ಡಿ ಚುಚ್ಚಿದಂಗ ಐತಿ. ಸೀದಾ ಹೋಗ್ತೈತಿ, ಒಪ್ಪಿದೆ. ಆದ್ರ ನನ್ನ ರೋಗ ಪಟರ್ ತಿರುಗೋದಲ್ಲ, ಬಲಗೈ ತಳ್ಳೋದು, ಅದಕ್ಕ ಜೀರೋ ಟಾರ್ಕ್ ಏನ್ ಮಾಡ್ತೈತಿ? ಒಂಬತ್ತು ಹೋಲ್ ಆಡಿ ವಾಪಸ್ ಕೊಟ್ಟೆ. ಅದ್ರ ರೊಕ್ಕದಾಗ ನಮ್ಮ ಯೂನಿಟ್ಟಿಗೆ ಒಂದು ಒಳ್ಳೇ ಹೊಲಿಗಿ ಮಷಿನ್ ಬರ್ತೈತಿ ಅನ್ನೋದೂ ಒಂದು ಕಾರಣ, ಸುಳ್ಳ್ಯಾಕ.

ದಪ್ಪ ಗ್ರಿಪ್ ಒಂದು ಹಾಕಿಸಿದೆ ಎರಡೂವರೆ ಸಾವಿರ ಕೊಟ್ಟು. ಬೆರಳು ಕಡಿಮಿ ಆಡ್ತಾವ. ಆದ್ರ ನಮ್ಮೂರ ಮೇ ತಿಂಗ್ಳಾಗ ಹಾಲ್‌ನ್ಯಾಗ ಅರ್ಧ ತಾಸು ಹಿಡದ್ರ ಅಂಗೈ ಬೆವರಿ ಸಾಬೂನು ಹಿಡದಂಗ ಆಗ್ತೈತಿ, ಮ್ಯಾಲ ಪಟರ್ ತಲಿ ಎಲ್ಲಿ ಐತಿ ಅನ್ನೋದ ಗೊತ್ತಾಗಂಗಿಲ್ಲ. ನನಗ ಬರಾಬರ್ ಆಗ್ಲಿಲ್ಲ.

ಕ್ಲಾ ಗ್ರಿಪ್‌ಗೆ ಬಂದಿದ್ದು ಪೂರಾ ಆಕಸ್ಮಿಕ. ಯೂನಿಟ್‌ನ್ಯಾಗ ಹೊಸ ಹುಡುಗ ಒಬ್ಬ ಡೆನಿಮ್ ದಪ್ಪ ಮಡಿಕಿ ಬಂದಾಗೆಲ್ಲ ಸೂಜಿ ಮುರೀತಿದ್ದ, ನಮ್ಮ ಮಾಸ್ಟರ್ ಅವನ ಬಲಗೈ ಮ್ಯಾಲ ಒಂದ್ ಬಿಟ್ಟು "ಎಳೀಬ್ಯಾಡಲೇ, ತಳ್ಳಬ್ಯಾಡ, ಕೆಳಗಿನ ಹಲ್ಲು ತಾನ ಎಳಕೋತಾವ, ನೀನು ಎರಡು ಬೆರಳು ಇಟ್ಟು ದಾರಿ ತೋರ್ಸು ಸಾಕು" ಅಂದ. ನಾನು ಅಲ್ಲೇ ನಿಂತಿದ್ದೆ. ಹುಡುಗ ಹೆಬ್ಬೆರಳು, ತೋರಬೆರಳು ಅಷ್ಟ ಇಟ್ಟ, ಮಡಿಕಿ ಮ್ಯಾಲ ಸೂಜಿ ಕಟ ಕಟ ಹತ್ತಿ ಇಳೀತು, ಮುರೀಲಿಲ್ಲ. ಮನಿಗೆ ಬಂದವನ ಬಲಗೈ ತಿರುಗಿಸಿ ಪಟರ್‌ನ ಪೆನ್ನು ಹಿಡದಂಗ ಎರಡು ಬೆರಳಾಗ ಹಿಡ್ದೆ, ಅಂಗೈ ನನ್ನ ಕಡಿ ಮಾಡಿ. ಇದ ಕ್ಲಾ. ಹಿಂಗ ಹಿಡದ್ರ ಬಲ ಅಂಗೈ ಹಿಡಿಕಿ ಹಿಂದ ಇರಂಗೇ ಇಲ್ಲ, ತಳ್ಳಬೇಕಂದ್ರೂ ತಳ್ಳಾಕ ಬರಂಗಿಲ್ಲ, ಎಡ ಭುಜನ ಎಲ್ಲಾ ನಡಸ್ತೈತಿ.

ನಮ್ಮ ಹಾಲ್ ಕಡಪಾ ಕಲ್ಲಿಂದು. ಎರಡು ಕಲ್ಲಿನ ಸಂದಿ ಸೀದಾ ಗೀಟು ಎಳದಂಗ ಐತಿ, ಅದ್ರ ಮ್ಯಾಲ ಬಾಲ್ ಓಡಿಸೋದು ನನ್ನ ಪರೀಕ್ಷೆ. ಮೊದ್ಲಾದ್ರ ಮೂರನೇ ಅಡಿಗೆ ಸಂದಿ ಬಿಟ್ಟು ಬಲಕ್ಕ ಜಾರಿ ಸೋಫಾ ಕೆಳಗ ಹೋಗ್ತಿತ್ತು. ಅವತ್ತು ಇಪ್ಪತ್ತರಾಗ ಹದಿನಾರು ಸಂದಿ ಮ್ಯಾಲ ಸುಯ್ ಅಂತ ಹೋಗಿ ಲೋಟಕ್ಕ ಟಣ್. ಹದಿನೇಳನೇದಕ್ಕ ಅಮ್ಮ ಒಳಗಿಂದ ಲೋಟ ಒಡೀತಿ ಅಂತ ಬೈದ್ಳು, ಸ್ಟೀಲ್ ಲೋಟ ಹೆಂಗ ಒಡೀತೈತಿ ಕೇಳ್ರಿ. ಒಂದು ಮಾತು, ಕಲ್ಲಿನ ಮ್ಯಾಲ ಲೈನ್ ಅಷ್ಟ ಕಲೀಬೋದು, ಸ್ಪೀಡ್ ಕಲಿಯಾಕ ಹೋಗಬ್ಯಾಡ್ರಿ, ಯಾವ ಗ್ರೀನೂ ಅಷ್ಟು ಜೋರ್ ಓಡಂಗಿಲ್ಲ.

ಕೋರ್ಸ್‌ನ್ಯಾಗ ಜೋಡಿ ಆಡೋರು "ಏನ್ ಮಗಾ ಸಹಿ ಹಾಕ್ತೀಯಾ" ಅಂತ ನಕ್ರು. ನಗ್ಲಿ ಬಿಡ್ರಿ. ಬರ್ನ್‌ಹಾರ್ಡ್ ಲ್ಯಾಂಗರ್ 1993ರಾಗ ಬಲಗೈಲೆ ತನ್ನ ಎಡ ಮುಂಗೈನ ಪಟರ್ ಸಮೇತ ಹಿಡ್ಕೊಂಡು ಎರಡನೇ ಮಾಸ್ಟರ್ಸ್ ಗೆದ್ದ, ಸ್ಯಾಮ್ ಸ್ನೀಡ್ ಕಾಲ್ ನಡುವಿಂದ ಹೊಡೀತಿದ್ದ, 1968ರಾಗ ಅದನ್ನ ಬಂದ್ ಮಾಡಿದ್ರ ಪಕ್ಕಕ್ಕ ನಿಂತು ಹೊಡ್ಯಾಕ ಶುರು ಮಾಡ್ದ. ಅಂಥವ್ರಿಗೆ ಇಲ್ಲದ ಮರ್ಯಾದಿ 19 ಹ್ಯಾಂಡಿಕ್ಯಾಪ್‌ನವನಿಗೆ ಯಾಕ್ರಿ?

ಕ್ಲಾದಾಗೂ ದೂರದ ಅಂದಾಜು ಕೆಡ್ತೈತಿ, ಕಸಬರಿಗಿಯಷ್ಟಲ್ಲ, ಆದ್ರ ಕೆಡ್ತೈತಿ. ಅದಕ್ಕ ನಾನು ಎರಡೂ ಇಟ್ಕೊಂಡೀನಿ, ಹದಿನೈದು ಅಡಿ ಒಳಗ ಕ್ಲಾ, ಅದ್ರ ಆಚಿಗೆ ಹಳೇ ಹಿಡಿತ. ಸ್ಕಾಟಿ ಶೆಫ್ಲರೂ ಹತ್ರದ್ದಕ್ಕ ಕ್ಲಾ, ದೂರದ್ದಕ್ಕ ಮಾಮೂಲಿ ಅಂತ ಆಡ್ತಾನ, ಅವನ್ನ ನೋಡಿ ಕಲ್ತೆ ಅಂದ್ರ ಸುಳ್ಳಾಗ್ತೈತಿ, ಆಮ್ಯಾಲ ಗೊತ್ತಾತು, ಗೊತ್ತಾದ ಮ್ಯಾಲ ಎದಿ ಉಬ್ಬಿಸ್ಕೊಂಡು ತಿರುಗಿದೆ. ಹೋದ ಮೂರು ರೌಂಡ್ 37, 35, 38 ಪಟ್. ಖರ್ಚು ಸೊನ್ನಿ.

ಕ್ಲಾಗೆ ಐದಕ್ಕ ನಾಕೂವರೆ, ಜೀರೋ ಟಾರ್ಕ್‌ಗೆ ಮೂರು, ರೇಟ್ ಕಡಿಮಿ ಆದ್ರ ನಾಕು, ಕಸಬರಿಗಿಗೆ ಎರಡೂವರೆ, ಅದ್ರಾಗ ಅರ್ಧ ಜ್ಯಾಡರ ಬಲಿ ಕೆಲಸಕ್ಕ. ಆ ದಪ್ಪ ಗ್ರಿಪ್ ಬಿಚ್ಚಿ ಇಟ್ಟೀನಿ, ಒಂದು ಸೀಳೂ ಇಲ್ಲ. ಬಳ್ಳಾರಿ, ಹೊಸಪೇಟೆ ಕಡೆ ಆಡೋರು ಯಾರಾರ ಇದ್ರ ಅರ್ಧ ರೇಟಿಗೆ ಕೊಡ್ತೀನಿ, ಸಂಜಿಕ ಬರ್ರಿ, ಮಂಡಕ್ಕಿ ಒಗ್ಗರಣಿ ಮಿರ್ಚಿ ನಂದು.