ಮೂರು ಸ್ನೋಮೊಬೈಲ್, ಮೂರು ಎಂಜಿನ್: ಯಾವುದರಲ್ಲಿ ಏನು ಮೊದಲು ಸವೆಯಿತು?

ಸ್ನೋಮೊಬೈಲ್ (ಮುಂದೆ ಸ್ಕೀ, ಹಿಂದೆ ಟ್ರ್ಯಾಕ್ ಅನ್ನುವ ಸುತ್ತುವ ಪಟ್ಟಿ ಇರುವ ಹಿಮದ ಗಾಡಿ) ಎಂಜಿನ್ ಎಷ್ಟು ಕಿಲೋಮೀಟರ್ ಬಾಳಿಕೆ ಬರುತ್ತೆ ಅಂತ ಕೇಳಿದವರಿಗೆ ನಾನು ಮೊದಲು ಕೇಳುವುದು, ಬೇಸಿಗೆಯಲ್ಲಿ ಗಾಡಿ ಎಲ್ಲಿ ನಿಂತಿರುತ್ತೆ ಅಂತ. ಕೇಳಿದವರು ತಬ್ಬಿಬ್ಬಾಗುತ್ತಾರೆ. ಆದರೆ ಮೂರು ಗಾಡಿ ಇಟ್ಟುಕೊಂಡು, ಎರಡನ್ನು ಕೈಯಾರೆ ಬಿಚ್ಚಿ ಕಟ್ಟಿದ ಮೇಲೆ, ಓಡಿ ಕೆಟ್ಟ ಎಂಜಿನ್‌ಗಿಂತ ನಿಂತು ಕೆಟ್ಟ ಎಂಜಿನ್ನೇ ಜಾಸ್ತಿ ಅನ್ನಿಸಿಬಿಟ್ಟಿದೆ.

ಮೊದಲನೆಯದು ಫ್ಯಾನಿನ ಗಾಳಿಯಲ್ಲೇ ತಣಿಯುವ, ಎರಡು ಸಿಲಿಂಡರಿನ, ಕಾರ್ಬೋರೇಟರ್ ಇರುವ ಹಳೇ ಟೂ-ಸ್ಟ್ರೋಕ್. ಮನೆಯಲ್ಲಿ ಅದಕ್ಕೆ ‘ಫ್ಯಾನ್ ಗಾಡಿ’ ಅಂತಲೇ ಹೆಸರು. ಎರಡನೆಯದು ಕೂಲಂಟ್ ಇರುವ 600 ಸಿಸಿ ಟೂ-ಸ್ಟ್ರೋಕ್. ಮೂರನೆಯದು ಮೂರು ಸಿಲಿಂಡರಿನ ಫೋರ್-ಸ್ಟ್ರೋಕ್. ಫ್ಯಾನ್ ಗಾಡಿ ಇದುವರೆಗೆ ಓಡಿದ್ದು 9,000 ಕಿ.ಮೀ., 600 ಓಡಿದ್ದು 14,000, ಫೋರ್-ಸ್ಟ್ರೋಕ್ 31,000. ಈ ಅಂಕಿ ನೋಡಿಯೇ ಫೋರ್-ಸ್ಟ್ರೋಕ್ ಗೆದ್ದಿತು ಅಂದುಕೊಳ್ಳಬೇಡಿ. ಹೊಟ್ಟೆಯೊಳಗೆ ಎಣ್ಣೆ ಓಡಾಡುವ ರೀತಿಯೇ ಬೇರೆಯಾದ್ದರಿಂದ ಇವುಗಳ ಸವೆತವನ್ನು ಒಂದೇ ಮೊಳದಲ್ಲಿ ಅಳೆಯೋಕೆ ಆಗುವುದಿಲ್ಲ.

ಹಳೇ ಟೂ-ಸ್ಟ್ರೋಕ್ ಬೈಕು ಸಾಕಿದವರಿಗೆ ಇದು ಗೊತ್ತಿರುವ ಕಥೆ. ಅಲ್ಲಿ ಎಣ್ಣೆ ಪೆಟ್ರೋಲಿನ ಜೊತೆ ಮಂಜಿನಂತೆ ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ) ಕೋಣೆಗೆ ಹೋಗಿ, ಬೇರಿಂಗನ್ನು ಒದ್ದೆ ಮಾಡಿ, ಆಮೇಲೆ ಸುಟ್ಟು ಹೊಗೆಯಾಗುತ್ತದೆ. ಪಿಸ್ಟನ್ ರಿಂಗ್ ಪ್ರತಿ ಸುತ್ತಿಗೂ ಸಿಲಿಂಡರ್ ಗೋಡೆಯ ಕಿಂಡಿಗಳ ಅಂಚನ್ನು ಉಜ್ಜಿಕೊಂಡೇ ಓಡಾಡಬೇಕು, ಅದೂ ನಿಮಿಷಕ್ಕೆ 8,000 ಸುತ್ತಿನ ಹತ್ತಿರ. ಫೋರ್-ಸ್ಟ್ರೋಕಿನಲ್ಲಿ ಪಂಪು ಒತ್ತಡದಲ್ಲಿ ಎಣ್ಣೆ ಕಳಿಸುತ್ತದೆ, ಗೋಡೆಯಲ್ಲಿ ಕಿಂಡಿಯೇ ಇಲ್ಲ. ಹಾಗಾಗಿ ಟೂ-ಸ್ಟ್ರೋಕಿನಲ್ಲಿ 10,000 ಕಿ.ಮೀ. ಆಸುಪಾಸು ಪಿಸ್ಟನ್, ರಿಂಗ್ ಬದಲಿಸುವುದು ಸೋಲಲ್ಲ, ನೇಗಿಲಿಗೆ ಹೊಸ ಗುಳ ಹಾಕಿದ ಹಾಗೆ.

ಫ್ಯಾನ್ ಗಾಡಿಯ ಸದ್ಗುಣ ಅದರ ಬಡತನ. ರೇಡಿಯೇಟರ್ ಇಲ್ಲ, ವಾಟರ್ ಪಂಪ್ ಇಲ್ಲ, ಕೆಡುವುದಕ್ಕೇ ಹೆಚ್ಚೇನೂ ಇಲ್ಲ. ಆದರೂ ಒಂದು ಸೀಸನ್ನಿನ ಶುರುವಿನಲ್ಲಿ ಎಳೆತ ಕಡಿಮೆಯಾಯಿತು. ಸ್ಪಾರ್ಕ್ ಪ್ಲಗ್ ಬಿಚ್ಚಿ ಒತ್ತಡ ಅಳೆಯುವ ಗೇಜ್ ಹಾಕಿ ಸ್ಟಾರ್ಟ್ ಹಗ್ಗ ಎಳೆದರೆ ಒಂದು ಸಿಲಿಂಡರ್ 120 ಪಿಎಸ್ಐ, ಇನ್ನೊಂದು 98. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಸುಮ್ಮನೆ ಕೂರಬಾರದು. ಎಂಜಿನ್ ಮೇಲಿನ ತಗಡಿನ ಹೊದಿಕೆ ತೆಗೆದೆ. ಒಳಗೆ ಹುಲ್ಲು, ಸೀಟಿನ ಸ್ಪಂಜು, ಕಾಗದದ ಚೂರು: ಇಲಿಯ ಬಾಣಂತಿ ಕೋಣೆ! ಅದು ಕಳೆದ ಬೇಸಿಗೆಯದ್ದಲ್ಲ, ಅದಕ್ಕೂ ಹಿಂದಿನದು. ಗೂಡು ಕೂತಿದ್ದ ಕಡೆಯ ಸಿಲಿಂಡರಿನ ರೆಕ್ಕೆಗಳಿಗೆ ಒಂದು ಇಡೀ ಸೀಸನ್ ಗಾಳಿ ಸಿಕ್ಕಿರಲಿಲ್ಲ, ಪಿಸ್ಟನ್ನಿನ ಮಗ್ಗುಲು ಕಂದಿಹೋಗಿತ್ತು. ಸಿಲಿಂಡರಿನೊಳಗೆ ಕಬ್ಬಿಣದ ಸ್ಲೀವ್ (ಒಳಗವಚ) ಇದ್ದುದರಿಂದ ಬೋರ್ ಮಾಡಿಸಿ, ಅಂದರೆ ಒಳಗೋಡೆ ಕೊರೆಸಿ ಅಗಲ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್ ಹಾಕಿದೆ. ಅದಾದ ಮೇಲೆ ತಂಟೆ ಮಾಡಿಲ್ಲ.

600ರ ಕಥೆ ಸ್ವಲ್ಪ ಉದ್ದ, ಯಾಕೆಂದರೆ ಅಲ್ಲಿ ತಪ್ಪು ಪೂರ್ತಿ ನನ್ನದೇ. ಮೈನಸ್ 28 ಡಿಗ್ರಿಯ ಬೆಳಗ್ಗೆ ಸ್ಟಾರ್ಟ್ ಮಾಡಿ, ಹೆಲ್ಮೆಟ್ ಕಟ್ಟಿಕೊಳ್ಳುವಷ್ಟು ಹೊತ್ತು ಬಿಟ್ಟು, ಹೆಪ್ಪುಗಟ್ಟಿದ ಕೆರೆಯ ಮೇಲೆ ಪೂರ್ತಿ ಥ್ರಾಟಲ್ ಒತ್ತಿದೆ. ಅರ್ಧ ಕಿಲೋಮೀಟರ್ ಕೂಡ ಆಗಿರಲಿಲ್ಲ, ಕುತ್ತಿಗೆ ಹಿಸುಕಿದ ಹಾಗೆ ನಿಂತುಹೋಯಿತು. ಸಿಲಿಂಡರ್ ಸುತ್ತಲಿನ ನೀರು ಮಾತ್ರ ಬಿಸಿಯಾಗಿತ್ತು, ಸೀಟಿನ ಕೆಳಗೆ ಟ್ರ್ಯಾಕಿನ ಮೇಲಿರುವ ಕೂಲರ್‌ಗಳಲ್ಲಿದ್ದದ್ದು ಇನ್ನೂ ಕೊರೆಯುವ ಚಳಿಯಲ್ಲೇ ಇತ್ತು. ಥರ್ಮೋಸ್ಟಾಟ್ ತೆರೆದುಕೊಂಡ ಕ್ಷಣ ಆ ತಣ್ಣನೆಯ ನೀರು ನುಗ್ಗಿ ಸಿಲಿಂಡರ್ ಕುಗ್ಗಿತು, ಬಿಸಿಗೆ ಹಿಗ್ಗಿದ್ದ ಅಲ್ಯೂಮಿನಿಯಂ ಪಿಸ್ಟನ್ ಒಳಗೆ ಸಿಕ್ಕಿಕೊಂಡಿತು. ಬಿಚ್ಚಿ ನೋಡಿದರೆ ಪಿಸ್ಟನ್ ಸುತ್ತ ನಾಲ್ಕು ಕಡೆ ಮೇಲಿಂದ ಕೆಳಗೆ ನಾಲ್ಕು ಗೀರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಪುಣ್ಯಕ್ಕೆ ಗೋಡೆಗೆ ಮೆತ್ತಿಕೊಂಡಿದ್ದ ಅಲ್ಯೂಮಿನಿಯಂ ತೆಗೆದ ಮೇಲೆ ಅದರ ಮೇಲಿನ ನಿಕಾಸಿಲ್ ಅನ್ನುವ ಗಟ್ಟಿ ಲೇಪನ ಹಾಗೇ ಇತ್ತು. ಆ ಲೇಪನ ಎದ್ದಿದ್ದರೆ ಬೋರ್ ಮಾಡಿಸಿ ಪಾರಾಗುವ ಹಾಗಿಲ್ಲ, ಮತ್ತೆ ಲೇಪನ ಕೊಡಿಸಬೇಕು ಇಲ್ಲವೇ ಸಿಲಿಂಡರ್ರೇ ಹೊಸದು. ಈಗ ಕೈಯಿಟ್ಟರೆ ಕೂಲರ್ ಬೆಚ್ಚಗೆ ತಾಕುವವರೆಗೆ ಅರ್ಧ ಥ್ರಾಟಲ್ ದಾಟುವುದಿಲ್ಲ.

ಅದೇ ಎಂಜಿನ್ನಿನೊಳಗೆ ತಾನಾಗಿ ಸವೆದ ಮೊದಲ ಭಾಗ ಪಿಸ್ಟನ್ ಅಲ್ಲ, ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್. ಎಂಜಿನ್ ಕಡೆಯ ಕ್ಲಚ್‌ನಿಂದ ಟ್ರ್ಯಾಕ್ ಕಡೆಯ ಕ್ಲಚ್‌ಗೆ ಶಕ್ತಿ ಸಾಗಿಸುವ ಬೆಲ್ಟ್ ಯಾವಾಗಲೂ ಒಂದೇ ದಿಕ್ಕಿಗೆ ಜಗ್ಗುವುದರಿಂದ ಆ ಮಗ್ಗುಲಿನ ಬೇರಿಂಗ್, ಸೀಲ್ ಎರಡಕ್ಕೂ ಏಟು ಜಾಸ್ತಿ. ಸೀಲ್ ಸೋರಿದರೆ ಹೊರಗಿನ ಗಾಳಿ ಒಳಗೆ ಬಂದು ಮಿಶ್ರಣದಲ್ಲಿ ಪೆಟ್ರೋಲ್ ಸಾಲದಾಗುತ್ತದೆ, ಪೆಟ್ರೋಲ್ ಕೊಡುವ ತಂಪು ಕಡಿಮೆಯಾಗುತ್ತದೆ, ಕೊನೆಗೆ ಪಿಸ್ಟನ್ ತಲೆಯಲ್ಲಿ ತೂತು. ಪಿಸ್ಟನ್ ಸುಟ್ಟಿತು ಅಂತ ಹೊಸದು ಹಾಕಿ, ಸೀಲ್ ನೋಡದೆ ಬಿಟ್ಟವರು ಅದೇ ಸೀಸನ್ನಿನಲ್ಲಿ ಎರಡನೇ ಪಿಸ್ಟನ್ ಸುಟ್ಟುಕೊಂಡಿದ್ದು ನೋಡಿದ್ದೇನೆ. ನನ್ನದರಲ್ಲಿ ಗುರುತು ಸಿಕ್ಕಿದ್ದು ಥ್ರಾಟಲ್ ಬಿಟ್ಟ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಕೂಗುತ್ತಲೇ ಇದ್ದುದರಿಂದ. ಎಕ್ಸಾಸ್ಟ್ ಬಾಯಲ್ಲಿರುವ ಪವರ್ ವಾಲ್ವ್‌ಗೆ ಇಂಗಾಲ ಕಟ್ಟುವುದು ಇನ್ನೊಂದು ಕಾಟ, ಆದರೆ ವರ್ಷಕ್ಕೊಮ್ಮೆ ಕಳಚಿ ತೊಳೆದರೆ ಮುಗಿಯಿತು.

ಫೋರ್-ಸ್ಟ್ರೋಕ್ ಹೊಸ ಸಂಗತಿ ಅನ್ನುವವರಿದ್ದಾರೆ. 1959ರಲ್ಲಿ ಜೋಸೆಫ್-ಅರ್ಮಾಂಡ್ ಬೊಂಬಾರ್ಡಿಯರ್ ಹೊರತಂದ ಮೊದಲ ಸ್ಕೀ-ಡೂ ಸ್ನೋಮೊಬೈಲಿನಲ್ಲೇ ಇದ್ದದ್ದು ಪುಟ್ಟ ಫೋರ್-ಸ್ಟ್ರೋಕ್ ಕೋಹ್ಲರ್ ಎಂಜಿನ್. ಆಮೇಲೆ ಹಗುರ ಅನ್ನುವ ಕಾರಣಕ್ಕೆ ಟೂ-ಸ್ಟ್ರೋಕ್ ಜಾಗ ಹಿಡಿಯಿತು. 2003ರ ಮಾಡೆಲ್ ಆಗಿ ಯಮಹಾದ ಆರ್‌ಎಕ್ಸ್-1 ಬಂದಾಗ ಫೋರ್-ಸ್ಟ್ರೋಕ್ ಪಾಳಯಕ್ಕೆ ಮತ್ತೆ ಜೀವ ಬಂತು.

ನನ್ನ ಫೋರ್-ಸ್ಟ್ರೋಕ್ ಎಂಜಿನ್ನಿನ ಒಳಗೆ ಈ 31,000 ಕಿ.ಮೀ.ಗಳಲ್ಲಿ ಕೈ ಹಾಕಿಲ್ಲ. ವರ್ಷಕ್ಕೊಮ್ಮೆ ಆಯಿಲ್, ಫಿಲ್ಟರ್, ಎರಡು ಸಲ ಪ್ಲಗ್, ಒಂದು ಸಲ ವಾಲ್ವ್ ಸಂದು ಅಳೆದದ್ದು, ಅಷ್ಟೇ. ಆದರೆ ಎಂಜಿನ್ ಸುತ್ತ ಇರುವುದೆಲ್ಲ ಒಂದೊಂದಾಗಿ ಕೈಕೊಟ್ಟಿದೆ. ಮೂತಿಯ ಕಡೆ ಭಾರ ಹೆಚ್ಚು, ಹಾಗಾಗಿ ಮುಂದಿನ ಸಸ್ಪೆನ್ಷನ್ ಬುಷ್, ಬಾಲ್ ಜಾಯಿಂಟ್, ಸ್ಕೀ ಅಡಿಯ ಕಾರ್ಬೈಡ್ ಪಟ್ಟಿ ಬೇಗ ಹೋಗುತ್ತವೆ. ಶಾಕ್ ಎರಡು ಸಲ ಕಟ್ಟಿಸಿದ್ದೇನೆ, ಟ್ರ್ಯಾಕ್ ಒಂದು ಸಲ ಬದಲಿಸಿದ್ದೇನೆ. ಚಳಿಯಲ್ಲಿ ಬ್ಯಾಟರಿ ಮಲಗಿದರೆ ಟೂ-ಸ್ಟ್ರೋಕಿನ ಹಾಗೆ ಹಗ್ಗ ಎಳೆದು ಎಬ್ಬಿಸುವ ಭಾಗ್ಯ ನನ್ನ ಗಾಡಿಯಲ್ಲಿಲ್ಲ. ಹತ್ತು ನಿಮಿಷ ಓಡಿಸಿ ನಿಲ್ಲಿಸುವ ಚಾಳಿ ಇದ್ದರೆ ಆಯಿಲ್ ಮುಚ್ಚಳದ ಒಳಗೆ ಮಜ್ಜಿಗೆಯಂಥ ನೊರೆ ಕಾಣಿಸುತ್ತದೆ. ಅದು ಒಳಗೆ ಇಳಿದ ತೇವ. ಒಂದು ಒಳ್ಳೆ ದೂರದ ಸವಾರಿ ಮಾಡಿದರೆ ಆರುತ್ತದೆ.

ಮೂರರಲ್ಲೂ ಎಲ್ಲಕ್ಕಿಂತ ಮೊದಲು ಹೋಗುವುದು ಡ್ರೈವ್ ಬೆಲ್ಟ್. ನನಗೆ ಒಂದು ಬೆಲ್ಟ್ ಸುಮಾರು 2,500 ಕಿ.ಮೀ. ಬಂದಿದೆ, ಆದರೆ ಫೋರ್-ಸ್ಟ್ರೋಕಿನಲ್ಲಿ ಒಂದು ವರ್ಷವಂತೂ ಎರಡೇ ತಿಂಗಳಲ್ಲಿ ಮೂರು ಬೆಲ್ಟ್ ಸುಟ್ಟವು. ಬೆಲ್ಟ್ ಕಂಪನಿಯನ್ನು ಬೈದುಕೊಂಡು ಕಡೆಗೆ ನೋಡಿದರೆ ಎಂಜಿನ್ ಕೂರುವ ರಬ್ಬರ್ ಮೌಂಟ್ ಒಂದು ಹರಿದಿತ್ತು. ಎಂಜಿನ್ ಒಂದಿಷ್ಟು ಓರೆಯಾಗಿ, ಎರಡು ಕ್ಲಚ್‌ಗಳ ಸಾಲು ತಪ್ಪಿ, ಬೆಲ್ಟ್ ಒಂದೇ ಅಂಚಿನಲ್ಲಿ ತೇಯುತ್ತಿತ್ತು. ರಬ್ಬರ್ ಬದಲಿಸಿದೆ, ನಾಲ್ಕನೇ ಬೆಲ್ಟ್ ಇನ್ನೂ ಓಡುತ್ತಿದೆ.

ಇನ್ನು ಬೇಸಿಗೆಯ ಮಾತು. ಟೂ-ಸ್ಟ್ರೋಕಿನ ಕ್ರ್ಯಾಂಕ್ ಕೋಣೆಯಲ್ಲಿ ಎಣ್ಣೆಯ ಕೊಳ ಇರುವುದಿಲ್ಲ, ಬೇರಿಂಗ್ ಮೇಲೆ ತೆಳು ಪದರ ಮಾತ್ರ. ಎಂಟು ತಿಂಗಳು ತೇವದಲ್ಲಿ ನಿಂತರೆ ಗುಂಡುಗಳ ಮೇಲೆ ತುಕ್ಕಿನ ಚುಕ್ಕೆ, ಮುಂದಿನ ಚಳಿಗಾಲದಲ್ಲಿ ಗರಗರ ಸದ್ದು. ಅದಕ್ಕೇ ಸೀಸನ್ ಮುಗಿದ ದಿನ ಎಂಜಿನ್ ಓಡುತ್ತಿರುವಾಗಲೇ ತುಕ್ಕು ತಡೆಯುವ ಫಾಗಿಂಗ್ ಆಯಿಲ್ ಕುಡಿಸಿ ನಿಲ್ಲಿಸುತ್ತೇನೆ. ಕಾರ್ಬೋರೇಟರ್ ಬಟ್ಟಲು ಬರಿದು ಮಾಡುತ್ತೇನೆ, ಇಲ್ಲದಿದ್ದರೆ ಹಳೇ ಪೆಟ್ರೋಲ್ ಅಂಟಾಗಿ ಪೈಲಟ್ ಜೆಟ್ ಅನ್ನುವ ಸಣ್ಣ ತೂತು ಕಟ್ಟಿಕೊಳ್ಳುತ್ತದೆ. ಫೋರ್-ಸ್ಟ್ರೋಕಿಗೆ ಹೊಸ ಆಯಿಲ್ ಹಾಕಿ ಮಲಗಿಸಿದರೆ ಸಾಕು, ಈ ವಿಷಯದಲ್ಲಿ ಅದು ನಿಜಕ್ಕೂ ಸಾಧು.

ಯಾವುದು ಕೊಳ್ಳಲಿ ಅಂದರೆ: ಹಿಮ ತಟ್ಟಿ ಹದ ಮಾಡಿದ ದಾರಿಯಲ್ಲಿ ಸೀಸನ್ನಿಗೆ ಮೂರು ಸಾವಿರ ಕಿಲೋಮೀಟರ್ ಓಡುವವರು ಕಣ್ಣು ಮುಚ್ಚಿ ಫೋರ್-ಸ್ಟ್ರೋಕ್ ತೆಗೆದುಕೊಳ್ಳಿ. ಆಳ ಹಿಮದಲ್ಲಿ ಏಳುನೂರು, ಎಂಟುನೂರು ಕಿ.ಮೀ. ಆಟ ಆಡುವವರಿಗೆ ಆ ಭಾರ ಯಾಕೆ? ಹೂತುಹೋದಾಗ ಎತ್ತಬೇಕಾದವರು ನೀವೇ.

ಸೆಕೆಂಡ್ ಹ್ಯಾಂಡ್ ಟೂ-ಸ್ಟ್ರೋಕ್ ನೋಡಲು ಹೋದಾಗ ನಾನು ಓಡೋಮೀಟರ್ ಕಡೆಗೆ ಆಮೇಲೆ ತಿರುಗುತ್ತೇನೆ. ಮೊದಲು ಬೆಲ್ಟ್ ತೆಗೆದು, ಮುಂದಿನ ಕ್ಲಚ್ ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸುತ್ತೇನೆ. ಕ್ರ್ಯಾಂಕ್ ಸಮೇತ ಟಕ್ ಅಂದರೆ ಆ ಕಡೆಯ ಬೇರಿಂಗ್ ಹೋಗಿದೆ ಅಂತಲೇ ಅರ್ಥ. ಅಲ್ಲಿಗೆ ಕೈಗವಸು ಹಾಕಿಕೊಂಡು, ಮಾಲೀಕರಿಗೆ ನಮಸ್ಕಾರ ಹೇಳಿ ಹೊರಡುತ್ತೇನೆ.