ಮೂರು ಮಹಡಿ, ಮೂರು ಬಾತ್‌ರೂಮು: ಹಳೆಯದಾಗಿ ಕಾಣದೇ ಉಳಿದಿದ್ದು ಯಾವುದು?

ಮೊದಲೇ ತೀರ್ಪು ಹೇಳಿಬಿಡುತ್ತೇನೆ. ನಮ್ಮ ಮನೆಯ ಮೂರು ಬಾತ್‌ರೂಮುಗಳಲ್ಲಿ ಎಲ್ಲಕ್ಕಿಂತ ಹಿಂದೆ ಕಟ್ಟಿಸಿದ್ದೇ ಇವತ್ತಿಗೂ ಕಣ್ಣಿಗೆ ಹಿತವಾಗಿದೆ. ಹಾಗಂತ ಈಗ ನಡುವಿನ ಮಹಡಿಯದನ್ನು ಒಡೆಸಿ ಹೊಸದಾಗಿ ಮಾಡಿಸುವಾಗ ಅದನ್ನೇ ಹಾಗೇ ನಕಲು ಮಾಡುತ್ತಿಲ್ಲ. ಅದರಲ್ಲೂ ತೊಂದರೆಗಳಿವೆ.

ಬನಶಂಕರಿ ಕಡೆಯ 30×40 ಸೈಟು ನಮ್ಮದು. ಮಾವ 1994ರಲ್ಲಿ ಕೆಳಗಿನ ಮನೆ ಕಟ್ಟಿಸಿದರು. 2007ರಲ್ಲಿ ಮೊದಲ ಮಹಡಿ ಎದ್ದಿತು. 2019ರಲ್ಲಿ ಮೈದುನನಿಗೆ ಅಂತ ಅದರ ಮೇಲೆ ಇನ್ನೊಂದು. ಬೆಂಗಳೂರಿನಲ್ಲಿ ಎಷ್ಟೋ ಮನೆಗಳು ಬೆಳೆದಿರುವುದೇ ಹೀಗೆ ಅಲ್ವಾ. ಮದುವೆಯಾದ ಹೊಸದರಲ್ಲಿ ಕೆಳಗಿದ್ದೆವು, ಆಮೇಲೆ ನಡುವಿನ ಮಹಡಿಗೆ ಬಂದೆವು, ಮೈದುನ ಕೆಲಸದ ಮೇಲೆ ಪುಣೆಗೆ ಹೋದ ಮೇಲೆ ಮೇಲಿನದರಲ್ಲೂ ಇದ್ದೇವೆ, ಈಗಲೂ ನಮ್ಮ ಬಾತ್‌ರೂಮು ಒಡೆದಿರುವುದರಿಂದ ಸ್ನಾನಕ್ಕೆ ಅಲ್ಲಿಗೇ ಹತ್ತುತ್ತೇವೆ. ಮೂರನ್ನೂ ಬಳಸಿದ್ದೇನೆ, ಅದಕ್ಕಿಂತ ಮುಖ್ಯವಾಗಿ ಮೂರನ್ನೂ ತಿಕ್ಕಿದ್ದೇನೆ. ನೀರೂ ಒಂದೇ. ಕಾವೇರಿ ಬಂದ ದಿನ ಕಾವೇರಿ, ಬರದಿದ್ದ ದಿನ ಬೋರ್‌ವೆಲ್. ಹಾಗಾಗಿ ಹೋಲಿಕೆ ನ್ಯಾಯವಾಗಿದೆ ಅಂತ ನನ್ನ ನಂಬಿಕೆ.

2007ರದ್ದು

ಒಡೆಸುತ್ತಿರುವುದು ಇದನ್ನೇ. ಆಗ ಟೈಲ್ಸ್ ಅಂಗಡಿಗೆ ಹೋದರೆ ಸೆಟ್ ತೋರಿಸುತ್ತಿದ್ದರು. ಕೆಳಗೆ ಡಾರ್ಕ್, ಮೇಲೆ ಲೈಟ್, ನಡುವೆ ಬಾರ್ಡರ್, ಅಲ್ಲಲ್ಲಿ ಹೈಲೈಟರ್ ಅಂತ ಚಿತ್ರದ ಟೈಲ್ಸ್. ನಮ್ಮದರಲ್ಲಿ ಕೆಳಗೆ ಕಂದು, ಮೇಲೆ ಕ್ರೀಮ್, ಶವರ್ ಇರುವ ಗೋಡೆಯಲ್ಲಿ ಕಪ್ಪೆಚಿಪ್ಪು ಮತ್ತು ನಕ್ಷತ್ರ ಮೀನು. ಸಮುದ್ರ ನೋಡಬೇಕಾದರೆ ರಾತ್ರಿ ಬಸ್ಸು ಹತ್ತಬೇಕಾದ ಊರಿನಲ್ಲಿ ಎಲ್ಲರ ಬಾತ್‌ರೂಮಿಗೂ ಕಪ್ಪೆಚಿಪ್ಪು ಯಾಕೆ ಬಂತೋ ಗೊತ್ತಿಲ್ಲ. ಕಮೋಡು, ವಾಶ್‌ಬೇಸಿನ್ ಎರಡೂ ಐವರಿ ಬಣ್ಣ.

ಮಾಡಿಸಿದಾಗ ಚೆನ್ನಾಗಿತ್ತು, ಅದನ್ನು ಒಪ್ಪಲೇಬೇಕು. ಗೃಹಪ್ರವೇಶಕ್ಕೆ ಬಂದವರೆಲ್ಲ ಹೊಗಳಿದ್ದರು. ಆದರೆ ಐದಾರು ವರ್ಷದಲ್ಲೇ ನೋಡಿದವರು "ಓ, ಇದು ಆಗಿನದು" ಅನ್ನುವ ಹಾಗಾಯಿತು. ಟೈಲ್ಸು ಮಾಸಿರಲಿಲ್ಲ, ಇವತ್ತಿಗೂ ಹೊಳಪಿದೆ. ಹೊಳಪಿದ್ದರೂ ಹಳೆಯದಾಗಿ ಕಾಣುತ್ತದೆ, ಅದೇ ಇದರ ಕಷ್ಟ.

ನಿಜವಾದ ಪೆಟ್ಟು ಬಿದ್ದಿದ್ದು ರಿಪೇರಿ ಬಂದಾಗ. ಗೀಸರ್ ಬದಲಿಸುವಾಗ ಎರಡು ಕ್ರೀಮ್ ಟೈಲ್ಸ್ ಬಿರುಕು ಬಿಟ್ಟವು. ಅದೇ ಡಿಸೈನ್ ಊರೆಲ್ಲ ಹುಡುಕಿದರೂ ಸಿಗಲಿಲ್ಲ, ಹತ್ತಿರದ ಬಣ್ಣದ್ದು ಹಾಕಿಸಿದರೆ ತೇಪೆ ಹಾಕಿದ ಹಾಗೆ ಎದ್ದು ಕಾಣುತ್ತಿತ್ತು. ಕಮೋಡಿನ ಸೀಟ್ ಕವರ್ ಒಡೆದಾಗಲೂ ಅದೇ ಕಥೆ. ಐವರಿ ಅಂತ ನಾಲ್ಕು ಕಂಪನಿಯವರು ಕೊಡುವುದು ನಾಲ್ಕು ಬಣ್ಣ. ಕೊನೆಗೆ ಬಿಳಿ ಸೀಟ್ ಹಾಕಿದೆವು. ಐವರಿ ಕಮೋಡಿನ ಮೇಲೆ ಬಿಳಿ ಸೀಟ್ ಕೂತರೆ ಕಮೋಡೇ ಕೊಳೆಯಾದಂತೆ ಕಾಣುತ್ತದೆ. ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ, ಯಾಕೆಂದರೆ ಅಲ್ಲಿ ಕೊಳೆಯೇ ಇಲ್ಲ.

ಈಗ ಈ ತೊಂದರೆ ಇನ್ನೂ ಜಾಸ್ತಿ. ಮೊದಲು ಟೈಲ್ಸಿಗೆ ಸ್ಕ್ರೀನ್ ಅಥವಾ ರೋಲರ್ ಇಟ್ಟು ಪ್ರಿಂಟ್ ಹಾಕುತ್ತಿದ್ದರು, ಒಂದು ಡಿಸೈನ್ ಬದಲಿಸುವುದಕ್ಕೆ ಖರ್ಚಿತ್ತು. ಸ್ಪೇನಿನ ಕ್ಯಾಸ್ಟೆಯೋನ್ ಕಡೆ 2000ದ ಸುಮಾರಿಗೆ ಇಂಕ್‌ಜೆಟ್ ಪ್ರಿಂಟಿಂಗ್ ಶುರುವಾಯಿತು, ಅದರ ಸುಮಾರು ಹತ್ತು ವರ್ಷದ ಮೇಲೆ ನಮ್ಮ ದೇಶದ ಬಹುಪಾಲು ಟೈಲ್ಸ್ ತಯಾರಾಗುವ ಗುಜರಾತಿನ ಮೋರ್ಬಿಗೂ ಬಂತು. ಈಗ ಕಂಪ್ಯೂಟರಿನಲ್ಲಿ ಫೈಲ್ ಬದಲಿಸಿದರೆ ಹೊಸ ಡಿಸೈನ್ ಸಿದ್ಧ. ಕೊಳ್ಳುವವರಿಗೆ ಆಯ್ಕೆ ಜಾಸ್ತಿ, ಸರಿ. ಆದರೆ ಇವತ್ತು ಶೋರೂಮಿನಲ್ಲಿ ಇಷ್ಟಪಟ್ಟ ಚಿತ್ತಾರದ ಟೈಲ್ಸು ಮುಂದಿನ ವರ್ಷ ಅಲ್ಲಿ ಇರುತ್ತದೆ ಅಂತ ಯಾರೂ ಹೇಳಲಾರರು. ಮೊರೊಕ್ಕನ್ ಡಿಸೈನ್ ಈಗ ಎಲ್ಲ ಕಡೆ ಓಡುತ್ತಿದೆಯಲ್ಲ, ನನ್ನ ಲೆಕ್ಕದಲ್ಲಿ ಅದು ಈ ಕಾಲದ ಕಪ್ಪೆಚಿಪ್ಪು.

2019ರದ್ದು

ಮೈದುನ ಇಂಟೀರಿಯರ್ ವಿಡಿಯೋಗಳನ್ನು ನೋಡಿ ನೋಡಿ ಮಾಡಿಸಿದ್ದು. ಹೋಟೆಲ್ ರೂಮಿನ ಹಾಗೆ ಇರಬೇಕು ಅಂತ ಅವನ ಆಸೆ. 2×4 ಅಡಿಯ ಕಡು ಬೂದು ಮ್ಯಾಟ್ ಟೈಲ್ಸು, ಕಪ್ಪು ನಲ್ಲಿ, ಕಪ್ಪು ರೇನ್ ಶವರ್, ಗಾಜಿನ ಪಾರ್ಟಿಷನ್, ಗೋಡೆಗೆ ತೂಗುವ ಕಮೋಡು, ಎಲ್‌ಇಡಿ ಕನ್ನಡಿ. ಮೊದಲ ಸಲ ನೋಡಿದವರಿಗೆ ಮೂರರಲ್ಲಿ ಇದೇ ಇಷ್ಟವಾಗುತ್ತದೆ. ಫೋಟೋದಲ್ಲಂತೂ ಇದರ ಮುಂದೆ ಬೇರೆಯವು ನಿಲ್ಲುವುದಿಲ್ಲ.

ಆದರೆ ಬೋರ್ ನೀರು ಫೋಟೋ ನೋಡುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರಲ್ಲಿ ಗಡಸುತನ, ಅಂದರೆ ನೀರಿನಲ್ಲಿ ಕರಗಿರುವ ಸುಣ್ಣದಂಥ ಉಪ್ಪು, ಲೀಟರಿಗೆ 200 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಅಂತಿದೆ. ನಮ್ಮ ಬೋರಿನ ನೀರು 200ನ್ನು ಯಾವತ್ತೋ ದಾಟಿದೆ. ಕಪ್ಪು ನಲ್ಲಿಯ ಮೇಲೆ ಒಂದು ಹನಿ ಒಣಗಿದರೂ ಬಿಳಿ ಚುಕ್ಕಿ. ಸ್ಟೀಲಿನಂತೆ ಹೊಳೆಯುವ ಕ್ರೋಮ್ ನಲ್ಲಿಯ ಮೇಲೂ ಅದೇ ಉಪ್ಪು ಕೂರುತ್ತದೆ, ಆದರೆ ಅಷ್ಟು ಕಾಣುವುದಿಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಒಣ ಬಟ್ಟೆ ಆಡಿಸಿದರೆ ಹೋಗುತ್ತದೆ. ಕಪ್ಪು ಮ್ಯಾಟಿನ ಮೇಲೆ ಆಸಿಡ್ ಹಾಕುವ ಹಾಗಿಲ್ಲ, ಕೋಟಿಂಗೇ ಎದ್ದುಬಿಡುತ್ತದೆ. ಗಾಜಿನದೂ ಇದೇ ಪಾಡು. ಸ್ನಾನ ಆದ ಮೇಲೆ ಪ್ರತಿಯೊಬ್ಬರೂ ವೈಪರ್ ಎಳೆದೇ ಹೊರಗೆ ಬರಬೇಕು ಅಂತ ನಿಯಮ ಮಾಡಿದೆವು. ಆ ನಿಯಮ ಎಷ್ಟು ದಿನ ನಡೆದಿರಬಹುದು ಅಂತ ಮಕ್ಕಳಿರುವ ಮನೆಯವರಿಗೆ ಹೇಳಬೇಕಾಗಿಲ್ಲ.

ಹಾಗಾಗಿ ಮೂರರಲ್ಲಿ ಹೊಸದಾದ ಇದು ಈಗಲೇ ನಡುವಿನದಕ್ಕಿಂತ ದಣಿದ ಹಾಗೆ ಕಾಣುತ್ತಿದೆ. 2007ರದ್ದು ಫ್ಯಾಶನ್ ಹೋಗಿ ಹಳೆಯದಾಯಿತು. ಇದು ಫ್ಯಾಶನ್ ಹೋಗುವ ಮೊದಲೇ ಕಲೆ ಬಿದ್ದು ಹಳೆಯದಾಯಿತು.

ಇನ್ನೊಂದು ವಿಷಯ ಗೋಡೆಯ ಒಳಗಿದೆ. ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ಇದರ ಡೈವರ್ಟರ್ ಕನ್ಸೀಲ್ಡ್. ಹೊರಗೆ ಕಾಣುವುದು ಒಂದು ಪ್ಲೇಟು ಮತ್ತು ಹಿಡಿಕೆ, ಬಾಡಿ ಎಲ್ಲ ಗೋಡೆಯೊಳಗೆ. ಹಿಡಿಕೆ ಬದಲಿಸಬೇಕೆಂದರೆ ಒಳಗಿನ ಬಾಡಿಗೆ ಹೊಂದುವ ಅದೇ ಕಂಪನಿಯ ಪಾರ್ಟೇ ಬೇಕು. ಅದು ನಿಂತುಹೋದರೆ ಟೈಲ್ಸ್ ಒಡೆಯಬೇಕು. ಕೆಳಗಿನ ಮನೆಯಲ್ಲಿರುವುದು ಗೋಡೆಯ ಹೊರಗೇ ಕೂರುವ ವಾಲ್ ಮಿಕ್ಸರ್. ಬಿಸಿಗೊಂದು ಪಾಯಿಂಟ್, ತಣ್ಣೀರಿಗೊಂದು ಪಾಯಿಂಟ್, ನಡುವೆ ಆರಿಂಚು. ಈ ಆರಿಂಚಿನ ಅಂತರ ಹೆಚ್ಚುಕಡಿಮೆ ಎಲ್ಲ ಕಂಪನಿಗಳಿಗೂ ಒಂದೇ. ಜಾಕ್ವಾರ್ ತೆಗೆದು ಸೆರಾ ಹಾಕಿ, ಸೆರಾ ತೆಗೆದು ಹಿಂಡ್‌ವೇರ್ ಹಾಕಿ, ಸ್ಪ್ಯಾನರ್ ಹಿಡಿದ ಪ್ಲಂಬರ್ ಒಂದು ಗಂಟೆಯಲ್ಲಿ ಮುಗಿಸುತ್ತಾನೆ. ಶೋರೂಮಿನಲ್ಲಿ ವಾಲ್ ಮಿಕ್ಸರ್ ಕೇಳಿದರೆ ಹಳೇ ಕಾಲದವರನ್ನು ನೋಡಿದ ಹಾಗೆ ನೋಡುತ್ತಾರೆ, ನೋಡಲಿ.

ಮೇಲಿನದರಲ್ಲಿ ಒಳ್ಳೆಯದೂ ಇದೆ. ದೊಡ್ಡ ಟೈಲ್ಸಾದ್ದರಿಂದ ಗೋಡೆಯಲ್ಲಿ ಜಾಯಿಂಟ್ ಕಡಿಮೆ, ಜಾಯಿಂಟ್ ಕಡಿಮೆಯಾದರೆ ಕಪ್ಪಾಗುವ ಗೆರೆಯೂ ಕಡಿಮೆ. ತೂಗುವ ಕಮೋಡಿನ ಕೆಳಗೆ ಪೊರಕೆ ಸಲೀಸಾಗಿ ಹೋಗುತ್ತದೆ. ಅದರ ಫ್ಲಶ್ ಟ್ಯಾಂಕ್ ಗೋಡೆಯೊಳಗಿದ್ದರೂ ಬಟನ್ ಪ್ಲೇಟ್ ಬಿಚ್ಚಿದರೆ ವಾಲ್ವ್ ಕೈಗೆ ಸಿಗುತ್ತದೆ, ಡೈವರ್ಟರಿನಷ್ಟು ಹೆದರಬೇಕಾಗಿಲ್ಲ. ಆದರೆ ನೆಲಕ್ಕೂ ಅದೇ 2×4 ಟೈಲ್ಸ್ ಹಾಕಿದ್ದರಿಂದ ಇಳಿಜಾರು ಸರಿಯಾಗಿ ಬಂದಿಲ್ಲ, ಒಂದು ಮೂಲೆಯಲ್ಲಿ ಯಾವಾಗಲೂ ನೀರು ನಿಲ್ಲುತ್ತದೆ. ನೀರು ಜಾಲರಿಯ ಕಡೆ ಹರಿಯಬೇಕಾದರೆ ನೆಲ ನಾಲ್ಕೂ ಕಡೆಯಿಂದ ಬಾಗಬೇಕು. ದೊಡ್ಡ ಟೈಲ್ಸನ್ನು ಕತ್ತರಿಸದೇ ಹಾಗೆ ಕೂರಿಸಲು ಆಗುವುದಿಲ್ಲ.

1994ರದ್ದು

ಗೋಡೆಗೆ ಸಾದಾ ಬಿಳಿ 6×6 ಇಂಚಿನ ಟೈಲ್ಸ್, ನೆಲಕ್ಕೆ ಸಾದರಹಳ್ಳಿ ಕಲ್ಲು, ಅಂದರೆ ಬೂದು ಗ್ರಾನೈಟ್. ಅಷ್ಟೇ. ಮಾವನ ತಾಯಿ ಊರಿಂದ ಬಂದರೆ ಜಾರಬಾರದು ಅಂತ ನುಣುಪು ಮಾಡಿಸದ ಕಲ್ಲು ಹಾಕಿಸಿದ್ದರಂತೆ. ಡಿಸೈನ್ ಅನ್ನುವ ಯೋಚನೆಯೇ ಇರಲಿಲ್ಲ, ಬಜೆಟ್ಟೂ ಇರಲಿಲ್ಲ.

ಮಧ್ಯದಲ್ಲಿ ಒಂದು ಕಾಲಕ್ಕೆ ಇದೂ ಕೆಟ್ಟದಾಗಿ ಕಾಣುತ್ತಿತ್ತು. ಜಾಯಿಂಟಿನ ಬಿಳಿ ಸಿಮೆಂಟು ಹಳದಿಯಾಗಿ ಆಮೇಲೆ ಕಪ್ಪಾಗಿತ್ತು. ಜಾಯಿಂಟ್ ಕೆರೆಸಿ ಎಪಾಕ್ಸಿ ಗ್ರೌಟ್ ತುಂಬಿಸಿದೆವು. ಸಿಮೆಂಟ್ ಗ್ರೌಟಿಗಿಂತ ದುಬಾರಿ, ಮೇಸ್ತ್ರಿಗಳು ಬೇಗ ಒಪ್ಪುವುದೂ ಇಲ್ಲ, ಬೇಗ ಗಟ್ಟಿಯಾಗುವುದರಿಂದ ಒರೆಸುತ್ತಾ ಒರೆಸುತ್ತಾ ಕೆಲಸ ಮಾಡಬೇಕು. ಆದರೆ ನೀರು ಹೀರುವುದಿಲ್ಲ. ಟೈಲ್ಸು ಅದೇ, ಬಾತ್‌ರೂಮೇ ಹೊಸದಾಯಿತು. ಅತ್ತೆಗೆ ಮಂಡಿ ನೋವು ಶುರುವಾದಾಗ ಇಂಡಿಯನ್ ತೆಗೆಸಿ ಬಿಳಿ ಕಮೋಡು ಕೂರಿಸಿದೆವು. ನೆಲದಲ್ಲಿ ಉಳಿದ ಗುಂಡಿಗೆ ಅದೇ ಸಾದರಹಳ್ಳಿ ಕಲ್ಲಿನ ತುಂಡು ಸಿಕ್ಕಿತು. ಗೋಡೆಯಲ್ಲಿ ಬದಲಿಸಿದ ಟೈಲ್ಸೂ ಗೊತ್ತಾಗುವುದಿಲ್ಲ, ಬಿಳಿ ಬಿಳಿಯ ನಡುವೆ ಸ್ವಲ್ಪ ವ್ಯತ್ಯಾಸವಿದ್ದರೂ ಕಣ್ಣು ಹುಡುಕಿಕೊಂಡು ಹೋಗುವುದಿಲ್ಲ.

ಸಾದಾ ಬಿಳಿ ಟೈಲ್ಸ್ ಹಳೆಯದಾಗುವುದಿಲ್ಲ ಅನ್ನುವುದಕ್ಕೆ ನಮ್ಮ ಮನೆಯೊಂದೇ ಸಾಕ್ಷಿ ಅಲ್ಲ. ನ್ಯೂಯಾರ್ಕಿನಲ್ಲಿ 1904ರಲ್ಲಿ ನೆಲದಡಿ ರೈಲು ಶುರುವಾದಾಗ ಸ್ಟೇಷನ್ ಗೋಡೆಗಳಿಗೆ ಬಿಳಿ 3×6 ಇಂಚಿನ ಟೈಲ್ಸ್ ಹಾಕಿದ್ದರು. ಅದನ್ನೇ ಇವತ್ತು ಜಯನಗರದ ಅಂಗಡಿಯಲ್ಲಿ ಸಬ್‌ವೇ ಟೈಲ್ಸ್ ಅಂತ ಮಾರುತ್ತಾರೆ.

ಇನ್ನು ಇದರ ಕೊರತೆಗಳು. ಟೈಲ್ಸ್ ಆರಡಿಗೇ ನಿಂತಿದೆ, ಅದರ ಮೇಲಿನ ಗೋಡೆಯ ಬಣ್ಣ ಪ್ರತಿ ಮಳೆಗಾಲ ಉದುರುತ್ತದೆ. ಕಿಟಕಿ ಅನ್ನುವುದು ಕೈಯಗಲದ ವೆಂಟಿಲೇಟರ್. ಒಣ ಜಾಗ, ಒದ್ದೆ ಜಾಗ ಅಂತ ಇಲ್ಲ, ಒಬ್ಬರು ಸ್ನಾನ ಮಾಡಿದರೆ ಕಮೋಡೂ ಒದ್ದೆ. ಗಿಡ್ಡ ಟೈಲ್ಸಾದ್ದರಿಂದ ಜಾಯಿಂಟ್ ಲೆಕ್ಕವಿಲ್ಲದಷ್ಟು.

ಹೊಸದಾಗಿ ಮಾಡಿಸುತ್ತಿರುವುದು

ಮೂರರಿಂದ ನಾನು ತೆಗೆದುಕೊಂಡಿದ್ದು ಇಷ್ಟು. ಗಾರೆಯಲ್ಲಿ ಕೂರುವುದೆಲ್ಲ ಸಾದಾ ಇರಲಿ, ಸ್ಕ್ರೂ ಬಿಚ್ಚಿದರೆ ಬರುವುದು ಎಷ್ಟು ಬೇಕಾದರೂ ಫ್ಯಾಶನ್ ಮಾಡಲಿ.

ಗೋಡೆಗೆ ಬಿಳಿ 1×2 ಅಡಿ ಟೈಲ್ಸು, ಸೀಲಿಂಗ್ ತನಕ, ಎಪಾಕ್ಸಿ ಜಾಯಿಂಟ್ ಸಮೇತ. ಅತಿ ಹೊಳೆಯುವುದೂ ಅಲ್ಲ, ಪೂರ್ತಿ ಮ್ಯಾಟೂ ಅಲ್ಲ, ಸ್ಯಾಟಿನ್. ನೆಲಕ್ಕೆ 1×1 ಅಡಿಯ ತಿಳಿ ಬೂದು ಟೈಲ್ಸು, ಇಳಿಜಾರು ಕೊಡುವುದು ಸುಲಭ. ಸಾದರಹಳ್ಳಿ ಕಲ್ಲೇ ಹಾಕಿಸುವ ಆಸೆಯಿತ್ತು, ಬಾತ್‌ರೂಮಿಗೆ ಅಂತ ತಗ್ಗಿಸಿ ಹಾಕಿದ ಸನ್ಕನ್ ಸ್ಲ್ಯಾಬಿನಲ್ಲಿ ಅಷ್ಟು ದಪ್ಪಕ್ಕೆ ಜಾಗ ಇರಲಿಲ್ಲ. ನೆಲದ ಟೈಲ್ಸ್ ಕೊಳ್ಳುವಾಗ ಆ್ಯಂಟಿ ಸ್ಕಿಡ್ ಅಂದರೆ ಸಾಲದು, ಎಷ್ಟು ಜಾರುವುದಿಲ್ಲ ಅಂತ ಹೇಳುವ ನಂಬರ್ ಆರ್ 10 ಅಥವಾ ಆರ್ 11 ಇದೆಯಾ ಅಂತ ಕೇಳಿ. ಆರ್ 9 ಅಂದರೆ ಸ್ನಾನದ ಜಾಗಕ್ಕೆ ಬೇಡ.

ನಲ್ಲಿಗಳೆಲ್ಲ ಕ್ರೋಮ್. ಕಮೋಡು ಬಿಳಿ, ನೆಲದ ಮೇಲೆ ಕೂರುವುದು, ಯಾಕೆಂದರೆ ಹಳೇ ಪೈಪು ಗೋಡೆಯಿಂದ ಒಂಬತ್ತಿಂಚಿಗೆ ಎಸ್ ಟ್ರ್ಯಾಪ್, ಅಂದರೆ ನೆಲದೊಳಕ್ಕೆ ಇಳಿಯುವಂಥದ್ದು ಇದೆ, ತೂಗುವುದು ಬೇಕೆಂದರೆ ಸುಮ್ನೆ ಡ್ರೈನೇಜ್ ಲೈನನ್ನೇ ಬದಲಿಸಬೇಕಾಗುತ್ತದೆ. ಚೌಕದ ಸೀಟ್ ಇರುವ ಮಾಡೆಲ್ ಬೇಡವೆಂದೆ, ಆ ಮಾಡೆಲ್ ನಿಂತರೆ ಸೀಟ್ ಸಿಗುವುದಿಲ್ಲ. ಮೊಟ್ಟೆಯಾಕಾರದ್ದಾದರೆ ಯಾವುದಾದರೊಂದು ಹೊಂದುತ್ತದೆ. ಗಾಜಿನ ಬದಲು ಮೂರಡಿ ಎತ್ತರದ ಗಿಡ್ಡ ಗೋಡೆ, ಮೇಲೊಂದು ಪರದೆ. ಪರದೆ ಅಂದರೆ ಮೈದುನ ಪುಣೆಯಿಂದಲೇ ಫೋನಿನಲ್ಲಿ ನಕ್ಕ. ವಾಶಿಂಗ್ ಮೆಷಿನ್ನಿಗೆ ಹಾಕಬಹುದು ಕಣೋ, ನಿನ್ನ ಗಾಜು ಹಾಕ್ತೀಯಾ ಅಂದೆ.

ಬಣ್ಣ ಪೂರ್ತಿ ಬಿಟ್ಟಿಲ್ಲ. ಬಾಗಿಲು ಕಡು ಹಸಿರು. ಅತ್ತೆಗೆ ಒಂದು ಹೂವಿನ ಬಾರ್ಡರ್ ಆದರೂ ಇರಲಿ ಅನ್ನುವ ಆಸೆ. ಕನ್ನಡಿಗೆ ಚಿತ್ತಾರದ ಫ್ರೇಮ್ ಹಾಕಿಸೋಣ ಅತ್ತೆ, ಅದು ಮೊಳೆಗೆ ನೇತಾಡುತ್ತದೆ, ಬೇಜಾರಾದರೆ ತೆಗೆಯಬಹುದು ಅಂದೆ, ಒಪ್ಪಿದ್ದಾರೆ.

ಟೈಲ್ಸ್ ಲೆಕ್ಕಕ್ಕಿಂತ ಎರಡು ಬಾಕ್ಸ್ ಜಾಸ್ತಿ ತರಿಸಿದ್ದೇವೆ. ಒಂದೇ ಹೆಸರಿನ ಬಿಳಿಯಾದರೂ ಬ್ಯಾಚ್ ಬದಲಾದರೆ ಶೇಡ್ ಬದಲಾಗುತ್ತದೆ, ಆದ್ದರಿಂದ ಎಲ್ಲ ಬಾಕ್ಸಿನ ಬ್ಯಾಚ್ ನಂಬರ್ ಒಂದೇ ಇದೆಯಾ ಅಂತ ಆಟೋದಿಂದ ಇಳಿಸುವ ಮೊದಲೇ ನೋಡಿಕೊಳ್ಳಿ. ಮೇಸ್ತ್ರಿ ಗೋಡೆಗೆ ಅಂಟಿಸಿದ ಮೇಲೆ ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲ.